ಟಯರಿನೊಳಗಿನ ಕರಿ ಪುಡಿ

ಸದ್ದು ಮೊದಲು ಕೇಳಿಸಿದ್ದು ಅಮ್ಮನಿಗೆ. "ಮಾಣಿ, ಹಿಂದುಗಡೆ ಯಾರೋ ಒದ್ದೆ ಗೋಣಿ ಬಡಿಯುತ್ತಿರುವ ಹಾಗೆ ಕೇಳುತ್ತದಲ್ಲ" ಎಂದಳು. ಐವತ್ತೆಂಟು ತುಂಬಿ, ನಿವೃತ್ತಿಯೂ ಆಗಿರುವ ಗಣಿತದ ಮಾಷ್ಟ್ರನನ್ನು ಮಾಣಿ ಎಂದು ಕರೆಯಲು ಈಗ ಉಳಿದಿರುವುದು ಅವಳೊಬ್ಬಳೇ.

2024ರ ಜೂನ್. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಕುಂಬಳೆಗೆ ಹೋಗುವ ದಾರಿಯಲ್ಲಿ ನೀರ್ಚಾಲು ದಾಟಿದ್ದೆವು. ಅಮ್ಮನ ಕಣ್ಣಿನ ಪೊರೆ ತೆಗೆಸಿ ಮೂರು ವಾರವಾಗಿತ್ತು. ಹತ್ತೂವರೆಗೆ ಮಂಗಳೂರಿನಲ್ಲಿ ಡಾಕ್ಟರಿಗೆ ತೋರಿಸಬೇಕಿತ್ತು. ಮಳೆ ಎಂದರೆ ಎದುರಿನ ಗಾಜಿಗೆ ಯಾರೋ ಕೊಡದಿಂದ ಸುರಿಯುತ್ತಿರುವಂಥ ಮಳೆ. "ರಸ್ತೆ ಹಾಗಿದೆ ಅಮ್ಮ, ತೇಪೆ ಹಾಕಿದ್ದಾರೆ" ಎಂದೆ. ತೇಪೆ ಮುಗಿದು ನುಣುಪು ಡಾಮರು ಬಂದ ಮೇಲೂ ತಪ್ ತಪ್ ನಿಲ್ಲಲಿಲ್ಲ. ಆಗ ಅನುಮಾನ ಬಂತು, ಆದರೆ ನಿಲ್ಲಿಸಲು ಮನಸ್ಸಾಗಲಿಲ್ಲ. ಬದಿಯಲ್ಲಿ ತುಂಬಿ ಹರಿಯುವ ಚರಂಡಿ, ಮೇಲೆ ಮಳೆ, ಪಕ್ಕದಲ್ಲಿ ಈಗಷ್ಟೇ ಕಣ್ಣಿನ ಆಪರೇಷನ್ ಆದ ಎಂಬತ್ತೊಂದರ ಅಮ್ಮ. ಒಂದು ಬಸ್ ತಂಗುದಾಣವಾದರೂ ಸಿಗಲಿ ಎಂದು ನಿಧಾನಕ್ಕೆ ಓಡಿಸುತ್ತಲೇ ಹೋದೆ. ಸಿಗುವ ಹೊತ್ತಿಗೆ ಎರಡು ಕಿಲೋಮೀಟರ್ ಆಗಿರಬೇಕು.

ಇಳಿದು ನೋಡಿದರೆ ಹಿಂದಿನ ಎಡಗಡೆಯ ಟಯರು ನೆಲಕ್ಕೆ ಅಂಟಿ ಕುಳಿತಿತ್ತು.

ಚಕ್ರ ಬದಲಿಸುವುದು ನನಗೆ ತಿಳಿದ ವಿದ್ಯೆಯೇ. ಜಾಕಿಯಲ್ಲಿ ಎತ್ತುವ ಮೊದಲೇ ನಟ್ಟುಗಳನ್ನು ಸಡಿಲಿಸಿಕೊಳ್ಳಬೇಕು, ಎತ್ತಿದ ಮೇಲಾದರೆ ನಟ್ಟಿನ ಜೊತೆ ಚಕ್ರವೂ ತಿರುಗುತ್ತದೆ ಎನ್ನುವುದೆಲ್ಲ ಗೊತ್ತು. ಆದರೆ ಹಿಂದಿನ ಸಲ ಬಿಗಿದವನು ಗಾಳಿಯ ಯಂತ್ರದಲ್ಲಿ ಬಿಗಿದಿದ್ದ. ಕಾರಿನ ಜೊತೆ ಬಂದ ಗೇಣುದ್ದದ ಸ್ಪ್ಯಾನರಿಗೆ ನಾಲ್ಕರಲ್ಲಿ ಒಂದು ನಟ್ಟೂ ಅಲುಗಲಿಲ್ಲ. ಕೊನೆಗೆ ಸ್ಪ್ಯಾನರನ್ನು ಅಡ್ಡಕ್ಕೆ ಸಿಕ್ಕಿಸಿ, ಕಾರನ್ನು ಹಿಡಿದುಕೊಂಡು ಅದರ ಮೇಲೆ ಹತ್ತಿ ನಿಂತೆ. ಎಪ್ಪತ್ತೆರಡು ಕಿಲೋ ಮಾಷ್ಟ್ರನ ಭಾರಕ್ಕೆ ನಟ್ಟು ಕಿರ್ರೆಂದು ಬಿಟ್ಟುಕೊಂಡಿತು. ತಂಗುದಾಣದಲ್ಲಿದ್ದ ಇಬ್ಬರು ಹೈಸ್ಕೂಲು ಹುಡುಗರು ಮುಖ ಆಚೆ ತಿರುಗಿಸಿಕೊಂಡು ನಕ್ಕರು.

ಜಾಕಿಯದ್ದು ಇನ್ನೊಂದು ಕಥೆ. ನಮ್ಮ ಕೆಂಪು ಮಣ್ಣು ಬೇಸಿಗೆಯಲ್ಲಿ ಕಲ್ಲು, ಜೂನ್‌ನಲ್ಲಿ ನೆನೆಸಿದ ಅವಲಕ್ಕಿ. ಒಂದೊಂದು ಸುತ್ತಿಗೂ ಕಾರು ಮೇಲೇಳುವ ಬದಲು ಜಾಕಿ ಕೆಳಗಿಳಿಯಿತು. ಅಲ್ಲೇ ಬಿದ್ದಿದ್ದ ಮುರಕಲ್ಲಿನ ತುಂಡನ್ನು ಅಡಿಗಿಟ್ಟರೆ ಅದು ಬಿಸ್ಕತ್ತಿನ ಹಾಗೆ ಪುಡಿಯಾಯಿತು. ನಕ್ಕ ಹುಡುಗರಲ್ಲೊಬ್ಬ ಎದುರಿನ ಅಂಗಡಿಗೆ ಓಡಿ ಹಲಸಿನ ಮರದ ಹಲಗೆಯೊಂದನ್ನು ತಂದುಕೊಟ್ಟ. ಈಗ ನನ್ನ ಕಾರಿನ ಹಿಂಬದಿಯಲ್ಲಿ ಒಂದಡಿ ಚೌಕದ ಹಲಗೆ ಖಾಯಂ ಆಗಿದೆ.

ಸ್ಟೆಪ್ನಿ ಹೊರಗೆ ಬಂದಾಗ ಅಮ್ಮ ಕಪ್ಪು ಕನ್ನಡಕವನ್ನು ಮೂಗಿನ ತುದಿಗಿಳಿಸಿ ನೋಡಿ, "ಅಷ್ಟು ಹೊಸದು ಇರುವಾಗ ಹಳೆಯದರಲ್ಲಿ ಯಾಕೆ ಓಡಿಸಿದ್ದು?" ಎಂದು ಕೇಳಿದಳು. ನಿಜಕ್ಕೂ ಹೊಸದರಂತೆಯೇ ಇತ್ತು. ಹೊಸ ಟಯರಿನ ಮೈಮೇಲಿರುವ ರಬ್ಬರಿನ ಎಳೆಗಳು ಕೂಡ ಉದುರಿರಲಿಲ್ಲ. ಹೆಬ್ಬೆರಳಲ್ಲಿ ಒತ್ತಿದರೆ ಮಾತ್ರ ಒಳಗೆ ಅರ್ಧ ಗಾಳಿಯೂ ಇಲ್ಲ. 2012ರ ಮಾಡೆಲಿನ ಈ ಕಾರನ್ನು ನಾನು ಸೆಕೆಂಡ್ ಹ್ಯಾಂಡ್ ಕೊಂಡದ್ದು 2017ರಲ್ಲಿ. ಏಳು ವರ್ಷದಲ್ಲಿ ಒಮ್ಮೆಯೂ ಸ್ಟೆಪ್ನಿಗೆ ಗಾಳಿ ಹಿಡಿಸಿರಲಿಲ್ಲ. ಬೇರೆ ದಾರಿಯಿಲ್ಲದೆ ಅದನ್ನೇ ಸಿಕ್ಕಿಸಿ, ನಟ್ಟುಗಳನ್ನು ಒಂದರ ಎದುರಿಗೊಂದರಂತೆ ಬಿಗಿದು, ಸೈಕಲ್ಲಿನ ವೇಗದಲ್ಲಿ ಸೀತಾಂಗೋಳಿ ಸೇರಿದೆವು.

ಅಲ್ಲಿನ ಟಯರ್ ಅಂಗಡಿಯವರನ್ನು ಊರಿನವರೆಲ್ಲ ಇಚ್ಚ ಎಂದೇ ಕರೆಯುತ್ತಾರೆ. ಅಮ್ಮನೊಂದಿಗೆ ತುಳು, ಕೆಲಸದ ಹುಡುಗನಿಗೆ ಮಲೆಯಾಳ, ನನ್ನೊಂದಿಗೆ ಕನ್ನಡ, ಫೋನಿನಲ್ಲಿ ಬ್ಯಾರಿ ಮಾತು. ಸಪ್ತಭಾಷೆಗಳ ನಾಡು ಎಂದು ನಾವು ಭಾಷಣಗಳಲ್ಲಿ ಹೇಳಿಕೊಳ್ಳುತ್ತೇವಲ್ಲ, ಪಂಕ್ಚರು ಏಳರಲ್ಲೂ ಪಂಕ್ಚರೇ.

ಅವರು ಟಯರನ್ನು ನೀರಿಗೆ ಮುಳುಗಿಸುವ ಮೊದಲೇ ಕಣ್ಣಾಡಿಸಿ ಕಳ್ಳನನ್ನು ಹಿಡಿದರು. ಮೊಳೆಯಲ್ಲ, ಮಾಡಿಗೆ ತಗಡಿನ ಶೀಟು ಹೊದಿಸುವಾಗ ಬಳಸುವ ಸ್ಕ್ರೂ. "ಈಗ ಪಂಕ್ಚರಿನಲ್ಲಿ ಮೊಳೆಗಿಂತ ಇದೇ ಜಾಸ್ತಿ ಮಾಷ್ಟ್ರೇ" ಎಂದರು. ಇರಬಹುದು. ಮಳೆ ಸೋರುತ್ತದೆಂದು ಟೆರೇಸಿನ ಮೇಲೆ ಶೀಟು ಹಾಕಿಸದ ಮನೆ ನಮ್ಮ ಕಡೆ ಎಷ್ಟಿದೆ? ನಾನೂ ಹೋದ ಏಪ್ರಿಲ್‌ನಲ್ಲಿ ಹಾಕಿಸಿದ್ದೆ. ಆ ಸ್ಕ್ರೂ ನಮ್ಮ ಅಂಗಳದ್ದೇ ಆಗಿದ್ದರೂ ಆಶ್ಚರ್ಯವಿಲ್ಲ.

ಸ್ಕ್ರೂ ಚುಚ್ಚಿದ್ದು ಟಯರಿನ ನಟ್ಟನಡುವೆ, ರಸ್ತೆಗೆ ತಾಗುವ ಜಾಗದಲ್ಲಿ. ನೂರೈವತ್ತು ರೂಪಾಯಿಯಲ್ಲಿ ಮುಗಿಯುವ ಕೆಲಸವೆಂದು ಸಮಾಧಾನವಾಯಿತು. "ಬತ್ತಿ ಹಾಕಿಬಿಡಿ ಇಚ್ಚ, ಹತ್ತೂವರೆಗೆ ಮಂಗಳೂರು ಮುಟ್ಟಬೇಕು." ಬತ್ತಿಯೆಂದರೆ ಅಂಟು ಮೆತ್ತಿದ ರಬ್ಬರಿನ ದಪ್ಪ ದಾರ, ಟಯರನ್ನು ಬಿಚ್ಚದೆಯೇ ಹೊರಗಿನಿಂದ ಸೂಜಿಯಲ್ಲಿ ತೂತಿಗೆ ತುರುಕುತ್ತಾರೆ, ಐದು ನಿಮಿಷ ಸಾಕು. ಇಚ್ಚ ಒಪ್ಪಲಿಲ್ಲ. "ಗಾಳಿಯಿಲ್ಲದೆ ಎಷ್ಟು ದೂರ ಬಂದಿದ್ದೀರಿ?" ಎಂದು ಕೇಳಿದರು. ಹೇಳಿದೆ. ಮರುಮಾತಾಡದೆ ಟಯರನ್ನು ಯಂತ್ರಕ್ಕೆ ಹಾಕಿ ರಿಮ್ಮಿನಿಂದ ಬಿಡಿಸಿ, ನೆಟ್ಟಗೆ ನಿಲ್ಲಿಸಿ, ಅಂಗೈಯಲ್ಲಿ ಎರಡು ಸಲ ತಟ್ಟಿದರು. ಒಳಗಿನಿಂದ ಸಿಮೆಂಟು ನೆಲಕ್ಕೆ ಕರಿ ಪುಡಿ ಸುರಿಯಿತು. ಒಂದು ಹಿಡಿಯಷ್ಟು. ಕಾಫಿ ಪುಡಿಯಷ್ಟು ನಯ.

"ಕೈ ಹಾಕಿ ನೋಡಿ" ಎಂದರು. ಹಾಕಿದೆ. ಒಳಗಿನ ಮೈ ಕನ್ನಡಿಯಂತೆ ನುಣುಪಾಗಿತ್ತು, ಆದರೆ ಪಕ್ಕದ ಗೋಡೆಯ ಉದ್ದಕ್ಕೂ ಎರಡು ಬೆರಳಗಲದ ಒಂದು ಪಟ್ಟಿ ಮಾತ್ರ ಒರಟು, ತುರಿಮಣೆಗೆ ಉಜ್ಜಿದ ಹಾಗೆ. ಇಡೀ ಸುತ್ತು ಬೆರಳಾಡಿಸಿದೆ, ಪಟ್ಟಿ ಎಲ್ಲಿಯೂ ಕಡಿದಿರಲಿಲ್ಲ. ಒಂದು ಕಡೆ ಬೆರಳಿಗೆ ಎಳೆಗಳು ತಾಗಿದವು. ಟಯರಿನ ಅಸ್ಥಿಪಂಜರವೆನ್ನಬಹುದಾದ ಪಾಲಿಯೆಸ್ಟರ್ ದಾರಗಳು ಅವು. ಗಾಳಿ ಹೋದ ಮೇಲೆ ಕಾರಿನ ಭಾರವೆಲ್ಲ ಆ ತೆಳ್ಳಗಿನ ಗೋಡೆಯ ಮೇಲೆ ಬೀಳುತ್ತದೆ. ಚಕ್ರ ಒಂದು ಸುತ್ತು ಬಂದಾಗ ಗೋಡೆಯ ಪ್ರತಿ ಜಾಗವೂ ಒಮ್ಮೆ ಮಡಚಿಕೊಂಡು ತನ್ನನ್ನು ತಾನೇ ಉಜ್ಜುತ್ತದೆ, ಕಾಯುತ್ತದೆ, ಪುಡಿ ಉದುರಿಸುತ್ತದೆ. ಹೊರಗಿನಿಂದ ನೋಡಿದರೆ ಏನೂ ಆದಂತಿಲ್ಲ. ಬತ್ತಿ ತುರುಕಿ ಗಾಳಿ ತುಂಬಿಸಿದ್ದರೆ ಮಂಗಳೂರು ಮುಟ್ಟುತ್ತಿದ್ದೆನೋ ಏನೋ. ಮಂಜೇಶ್ವರದ ಬಳಿ ಹೆದ್ದಾರಿಯಲ್ಲಿ ವೇಗ ಏರಿದಾಗ ಗೋಡೆಯೇ ಹರಿಯುವ ಸಾಧ್ಯತೆಯೂ ಇತ್ತು.

ನಮ್ಮ ಗುಡ್ಡದಲ್ಲಿ ಇನ್ನೂರು ರಬ್ಬರ್ ಮರಗಳಿವೆ. ಹಾಲು ಹೆಪ್ಪಾಗುವುದು, ರಬ್ಬರ್ ಶೀಟು ಹೊಗೆಗೂಡಿನಲ್ಲಿ ಜೇನಿನ ಬಣ್ಣಕ್ಕೆ ತಿರುಗುವುದು ಇವೆಲ್ಲ ನನಗೆ ಗೊತ್ತು. ಬರಿಯ ಶೀಟು ಬಿಸಿಗೆ ಅಂಟಾಗುತ್ತದೆ, ಚಳಿಗೆ ಸೆಡೆಯುತ್ತದೆ. ಗಂಧಕ ಬೆರೆಸಿ ಕಾಯಿಸಿದರೆ ಆ ದೋಷ ಹೋಗುತ್ತದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ ಎಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಗಣಿತದ ಅವಧಿ ಬೇಸರವಾದಾಗ. ಟಯರಿನ ಕಪ್ಪು, ಬಲ ಬರಲೆಂದು ಬೆರೆಸುವ ಮಸಿಯದ್ದು ಎಂದೂ ಹೇಳಿದ್ದೇನೆ. ಆದರೆ ಟಯರಿನೊಳಗೆ ಕೈ ಹಾಕಿದ್ದು ಅದೇ ಮೊದಲು.

"ಇದಕ್ಕೆ ನಾನು ಬತ್ತಿಯೂ ಹಾಕುವುದಿಲ್ಲ, ಪ್ಯಾಚೂ ಹಾಕುವುದಿಲ್ಲ" ಎಂದರು ಇಚ್ಚ. ಅಮ್ಮನನ್ನು ಗುರುತಿನ ಆಟೋದಲ್ಲಿ ಮನೆಗೆ ಕಳಿಸಿ, ಡಾಕ್ಟರಿಗೆ ಫೋನ್ ಮಾಡಿ ಮುಂದಿನ ವಾರಕ್ಕೆ ಹಾಕಿಸಿಕೊಂಡೆ. ಹೇಗೂ ಕೆಟ್ಟ ದಿನ, ಉಳಿದವನ್ನೂ ನೋಡಿಬಿಡಿ ಎಂದೆ.

ನೋಡಿದ್ದೇ ತಪ್ಪಾಯಿತು. ಮುಂದಿನ ಬಲಗಡೆಯ ಟಯರಿನ ಕೆನ್ನೆಯಲ್ಲಿ, ಅಂದರೆ ಪಕ್ಕದ ಗೋಡೆಯ ಮೇಲೆ, ಅರ್ಧ ಲಿಂಬೆಹಣ್ಣಿನಷ್ಟು ಒಂದು ಗುಬುಟು. ಬಾಯಲ್ಲಿ ಮಿಠಾಯಿ ಇಟ್ಟುಕೊಂಡ ಮಗುವಿನ ಹಾಗೆ. ಅದು ನನಗೆ ಹೊಸತಲ್ಲ. ಮೇ ಕೊನೆಯ ಮಳೆಯಲ್ಲಿ ಉಪ್ಪಳದ ಹತ್ತಿರ, ಹೆದ್ದಾರಿ ಕೆಲಸದ ಪಕ್ಕದ ಸರ್ವಿಸ್ ರಸ್ತೆಯಲ್ಲಿ ನೀರು ತುಂಬಿದ್ದ ಗುಂಡಿಗೆ ಚಕ್ರ ಇಳಿದು ಹಲ್ಲು ಕಟಕಟಿಸಿತ್ತು. ಎರಡು ದಿನದ ಮೇಲೆ ಗುಬುಟು ಕಂಡು ಒಂದು ಪೇಟೆಯ ಅಂಗಡಿಯಲ್ಲಿ ತೋರಿಸಿದಾಗ, "ಏನೂ ಆಗುವುದಿಲ್ಲ ಸಾರ್, ಇನ್ನೂ ಹತ್ತು ಸಾವಿರ ಓಡುತ್ತದೆ" ಎಂದು ಸ್ವಲ್ಪ ಗಾಳಿ ಇಳಿಸಿ ಕಳಿಸಿದ್ದರು. ಕೇಳಬೇಕೆಂದಿದ್ದ ಮಾತನ್ನೇ ಕೇಳಿದ್ದರಿಂದ ನನಗೂ ಖುಷಿಯಾಗಿತ್ತು. ಇಚ್ಚ ಅದರ ಮೇಲೆ ಸೀಮೆಸುಣ್ಣದಲ್ಲಿ ಗುಣಾಕಾರ ಚಿಹ್ನೆ ಎಳೆದರು. ಗುಂಡಿಯ ಅಂಚು ಮತ್ತು ರಿಮ್ಮಿನ ನಡುವೆ ಸಿಕ್ಕಿ ಒಳಗಿನ ದಾರಗಳು ಕಡಿದಿವೆ, ಆ ಜಾಗದಲ್ಲಿ ಗಾಳಿಯನ್ನು ತಡೆದು ನಿಂತಿರುವುದು ಬರಿಯ ರಬ್ಬರು. ರಸ್ತೆಗೆ ತಾಗುವ ಭಾಗದಲ್ಲಾದರೆ ರಬ್ಬರಿನಡಿಯಲ್ಲಿ ಉಕ್ಕಿನ ತಂತಿಯ ಪಟ್ಟಿಗಳಿರುತ್ತವೆ, ಆರು ಮಿಲಿಮೀಟರಿನವರೆಗಿನ ತೂತನ್ನು ಮುಚ್ಚಬಹುದು. ಕೆನ್ನೆಯಲ್ಲಿ ಆ ಪಟ್ಟಿಯಿಲ್ಲ, ಮೇಲಾಗಿ ಓಡುವಾಗಲೆಲ್ಲ ಅದು ಬಾಗುತ್ತಲೇ ಇರುವ ಜಾಗ. ಅಲ್ಲಿನ ಗಾಯಕ್ಕೆ ಬಿಸಿ ಪ್ಯಾಚ್ ಹಾಕಿಕೊಡುವವರಿದ್ದಾರೆ. ಇಚ್ಚ ಹಾಕುವುದಿಲ್ಲ.

ಮೂರನೆಯ ಪೆಟ್ಟು ಸ್ಟೆಪ್ನಿಯದ್ದು. ಟಯರಿನ ಒಂದು ಕೆನ್ನೆಯಲ್ಲಿ ಡಿ.ಒ.ಟಿ. ಎಂದು ಶುರುವಾಗುವ ಅಕ್ಷರಸಾಲು ಇರುತ್ತದೆ, ಅದರ ಕೊನೆಗೆ ನಾಲ್ಕು ಅಂಕಿ. ನನ್ನದರಲ್ಲಿ 3112 ಎಂದಿತ್ತು. 2012ರ ಮೂವತ್ತೊಂದನೆಯ ವಾರದಲ್ಲಿ ತಯಾರಾದದ್ದು, ಅಂದರೆ ಹನ್ನೆರಡು ವರ್ಷ. ಇಚ್ಚ ಟಯರನ್ನು ಮೊಣಕಾಲಿಗೊತ್ತಿ ಬಗ್ಗಿಸಿದರು. ಹೊಸದರಂತೆ ಹೊಳೆಯುತ್ತಿದ್ದ ಮೈ ಏಪ್ರಿಲ್‌ನ ಗದ್ದೆಯ ಹಾಗೆ ಬಿರಿದು ಸಾವಿರ ಗೆರೆಗಳನ್ನು ತೋರಿಸಿತು. ಓಡದಿದ್ದರೂ ರಬ್ಬರು ಮುದಿಯಾಗುತ್ತದೆ. ಐದಾರು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ನೋಡಿಸಬೇಕು, ಹತ್ತಾಯಿತೆಂದರೆ ಬೆಣೆ ಎಷ್ಟೇ ಇರಲಿ ತೆಗೆಯಬೇಕು ಎಂದರು. ಟಯರಿನ ಗೀರುಗಳ ನಡುವಿನ ಉಬ್ಬಿಗೆ ಅವರು ಬೆಣೆ ಎನ್ನುತ್ತಿದ್ದರು. ಎಲ್ಲಿಂದ ಬಂದ ಮಾತೋ, ನನಗೆ ಹಿಡಿಸಿತು.

ಉಳಿದೆರಡಕ್ಕೆ ಆಯುಷ್ಯವಿತ್ತು. ಎರಡೂ 2019ರವು. ಅಳತೆಕಡ್ಡಿ ಇಳಿಸಿ ನೋಡಿದರೆ ನಾಲ್ಕು ಮಿಲಿಮೀಟರ್ ಆಳ. ಗೀರಿನ ತಳದಲ್ಲಿ ಅಲ್ಲಲ್ಲಿ ಅಡ್ಡಕ್ಕೆ ಒಂದು ಪುಟ್ಟ ದಿಬ್ಬವಿರುತ್ತದೆ, ಅದರ ಎತ್ತರ 1.6 ಮಿಲಿಮೀಟರ್. ಬೆಣೆ ಸವೆದು ಆ ದಿಬ್ಬಕ್ಕೆ ಸಮವಾದರೆ ಕಾಯಿದೆಯ ಪ್ರಕಾರ ಟಯರಿನ ಕಾಲ ಮುಗಿಯಿತು. "ಕಾಯಿದೆ ಮಾಡಿದವರು ನಮ್ಮ ಮಳೆಯಲ್ಲಿ ಓಡಿಸಿಲ್ಲ, ಮೂರಕ್ಕೆ ಬಂದಾಗಲೇ ಬನ್ನಿ" ಎಂದರು. ನೀರನ್ನು ಬದಿಗೆ ತಳ್ಳುವುದು ಆ ಗೀರುಗಳೇ ತಾನೇ. ಅವು ಆಳ ಕಳೆದುಕೊಂಡರೆ ಟಯರು ರಸ್ತೆಯನ್ನು ಬಿಟ್ಟು ನೀರಿನ ಮೇಲೆ ತೇಲುತ್ತದೆ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಮುಂದಿನ ಎಡ ಟಯರಿನ ಒಳಮೈ ತೋರಿಸಿದರು. ಒಳ ಅಂಚು ಹೊರ ಅಂಚಿಗಿಂತ ಹೆಚ್ಚು ಸವೆದಿತ್ತು. ಅಲೈನ್‌ಮೆಂಟ್ ತಪ್ಪಿದ ಗುರುತು. ದಿನವೂ ಕಾರು ತೊಳೆಯುವವನಿಗೆ ಹೊರ ಅಂಚು ಮಾತ್ರ ಕಾಣುತ್ತದೆ.

ಅದೇ ಟಯರಿನಲ್ಲಿ ಹೋದ ವರ್ಷ ನಾನು ಹಾಕಿಸಿದ್ದ ಬತ್ತಿಯೊಂದು ಇತ್ತು. ಅದನ್ನು ತೆಗೆದು ಒಳಗಿನಿಂದ ಸರಿ ಮಾಡುತ್ತೇನೆಂದರು, ನಾನು ಸ್ಟೂಲು ಎಳೆದುಕೊಂಡು ಕುಳಿತು ನೋಡಿದೆ. ಮೊದಲು ತೂತಿನ ಸುತ್ತ ಒಳಮೈಯನ್ನು ಉಜ್ಜುವ ಚಕ್ರದಿಂದ ಮಕಮಲ್ಲಿನಷ್ಟು ಒರಟು ಮಾಡಿದರು. ಉದುರಿದ ಪುಡಿಯನ್ನು ಬಟ್ಟೆಯಲ್ಲಿ ಒರೆಸದೆ ವ್ಯಾಕ್ಯೂಮಿನಲ್ಲಿ ಎಳೆದು ತೆಗೆಸಿದರು, ಬಾಯಿಂದ ಊದಿದರೆ ಎಂಜಲಿನ ತೇವ ತಾಗುತ್ತದಂತೆ. ಸೊಲ್ಯೂಷನ್ ಹಚ್ಚಿ ಸುಮ್ಮನೆ ಕಾದರು. ಹುಡುಗ ಅವಸರಿಸಿದಾಗ ಗದರಿದರು. ಬೆರಳ ಹಿಂಬದಿಗೆ ಅಂಟೂ ಅಂಟದ ಹಾಗೆ ತಾಗುವವರೆಗೆ ಒಣಗಬೇಕು. ಆಮೇಲೆ ಅಣಬೆಯ ಆಕಾರದ ಪ್ಯಾಚ್ ಬಂತು. ಕೊಡೆ ಒಳಗೆ, ಕಾಂಡ ತೂತಿನ ಮೂಲಕ ಹೊರಗೆ. ಹೊರಗಿನಿಂದ ಕಾಂಡವನ್ನು ಇಕ್ಕಳದಲ್ಲಿ ಜಗ್ಗಿ, ಒಳಗಿನ ಕೊಡೆಯನ್ನು ಹಲ್ಲಿನ ಚಕ್ರದಲ್ಲಿ ನಡುವಿನಿಂದ ಅಂಚಿಗೆ ಉರುಳಿಸಿ ಉರುಳಿಸಿ ಕೂರಿಸಿ, ಹೊರಗುಳಿದ ಕಾಂಡವನ್ನು ಬ್ಲೇಡಿನಿಂದ ಕತ್ತರಿಸಿದರು. ಬತ್ತಿ ತೂತನ್ನು ಮಾತ್ರ ಮುಚ್ಚುತ್ತದೆ, ಇದು ನೀರು ಒಳಗಿಳಿದು ಉಕ್ಕಿನ ತಂತಿ ತುಕ್ಕು ಹಿಡಿಯುವುದನ್ನೂ ತಡೆಯುತ್ತದೆ. ಅರ್ಧ ಗಂಟೆಯ ಕೆಲಸಕ್ಕೆ ಮುನ್ನೂರೈವತ್ತು.

ಹೊಸ ಟಯರು ಇಚ್ಚನ ಬಳಿ ಇರಲಿಲ್ಲ. ಒಂದು ಚೀಟಿಯಲ್ಲಿ "165/80 ಆರ್ 14, 85" ಎಂದು ಬರೆದುಕೊಟ್ಟು, ಕೊನೆಯ ಅಂಕಿ ಕಡಿಮೆಯಿದ್ದರೆ ತರಬೇಡಿ ಎಂದರು. ಆ 85 ಎಂದರೆ ಒಂದು ಟಯರು 515 ಕಿಲೋ ಹೊರುತ್ತದೆಂದು ಲೆಕ್ಕ. ಕಾರನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿ ಕಾಸರಗೋಡಿಗೆ ಹೋದೆ. ಅಂಗಡಿಯವನು ತೋರಿಸಿದ ಮೊದಲ ಜೋಡಿಗೆ ಒಳ್ಳೆಯ ರಿಯಾಯಿತಿಯಿತ್ತು. ಬಗ್ಗಿ ಅಂಕಿ ಹುಡುಕಿದೆ, 2021ರದ್ದು. ಬೆಳಿಗ್ಗೆ ಎಂಟಕ್ಕೆ ಈ ವಿದ್ಯೆ ಗೊತ್ತಿಲ್ಲದಿದ್ದವನು ಮಧ್ಯಾಹ್ನ ಎರಡಕ್ಕೆ ಅದನ್ನು ಪ್ರಯೋಗಿಸಿದ ಹೆಮ್ಮೆಯಿಂದ ತಲೆಯಾಡಿಸಿದೆ. ಒಳಗಿನಿಂದ 0924 ಬಂತು. ಒಂದಕ್ಕೆ ನಾಲ್ಕು ಸಾವಿರದ ಎಂಟುನೂರು. ಇಪ್ಪತ್ತೈದು ಕಿಲೋ ಶೀಟು ಮಾರಿದರೆ ಏಳೆಂಟು ಕಿಲೋ ತೂಗುವ ಒಂದು ಟಯರು. ಈ ವ್ಯಾಪಾರದ ಯಾವ ತುದಿಯಲ್ಲಿ ನಿಂತರೂ ಬೆಳೆಗಾರನಿಗೆ ನಷ್ಟವೇ.

ಎರಡು ಟಯರುಗಳನ್ನು ಬಸ್ಸಿನ ಹಿಂಬದಿಯಲ್ಲಿ ಇರಿಸಿ ಕುಳಿತಾಗ ಹಳೆಯ ಚಟ ಎದ್ದಿತು. 165 ಎನ್ನುವುದು ಮಿಲಿಮೀಟರಿನಲ್ಲಿ ಅಗಲ. ಅದರ ನೂರಕ್ಕೆ 80 ಕೆನ್ನೆಯ ಎತ್ತರ, ಅಂದರೆ 132. ಎರಡು ಕೆನ್ನೆ ಸೇರಿ 264. ಹದಿನಾಲ್ಕು ಇಂಚಿನ ರಿಮ್ಮಿನದ್ದು ಸುಮಾರು 356. ಒಟ್ಟು ವ್ಯಾಸ 620. ಪೈಯಿಂದ ಗುಣಿಸಿದರೆ ಸುತ್ತಳತೆ 1.95 ಮೀಟರ್ ಹತ್ತಿರ. ಎರಡು ಕಿಲೋಮೀಟರಿಗೆ ಸಾವಿರದ ಇಪ್ಪತ್ತೈದು ಸುತ್ತು. ಟಿಕೆಟಿನ ಹಿಂದೆ ಬರೆದ ಆ ಅಂಕಿಯನ್ನು ನೋಡುತ್ತಾ ಕುಳಿತೆ. ಆ ಗೋಡೆಯ ಪ್ರತಿ ಅಂಗುಲವನ್ನೂ ಸಾವಿರ ಸಲ ಮಡಚಿ ಉಜ್ಜಿದ್ದೆ. ಸದ್ದು ಕೇಳಿದ ಕೂಡಲೇ, ಮಳೆಯಲ್ಲೇ ಆಗಲಿ, ನಿಲ್ಲಿಸಿದ್ದರೆ ನೂರೈವತ್ತಕ್ಕೋ ಮುನ್ನೂರೈವತ್ತಕ್ಕೋ ಮುಗಿಯುತ್ತಿತ್ತು.

ಹೊಸದನ್ನು ಎಲ್ಲಿಗೆ ಹಾಕುವುದೆಂದು ಇಚ್ಚನಿಗೂ ನನಗೂ ಚಿಕ್ಕ ವಾಗ್ವಾದವೇ ಆಯಿತು. ಸ್ಟೀರಿಂಗೂ ಎಳೆತವೂ ಮುಂದಿರುವಾಗ ಮುಂದಕ್ಕೇ ಹಾಕಬೇಕೆಂದು ನನ್ನ ವಾದ. ಅವರು ಹಿಂದಕ್ಕೇ ಎಂದರು. ನೀರಿನಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ತಿರುಗದೆ ನೇರ ಹೋಗುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹಿಡಿತ ವಾಪಸು ಬರುತ್ತದೆ. ಹಿಂದಿನದು ಜಾರಿದರೆ ಕಾರು ಬುಗುರಿಯಾಗುತ್ತದೆ, ಆಮೇಲೆ ಚಾಲಕ ಮಾಡುವಂಥದ್ದು ಏನೂ ಇರುವುದಿಲ್ಲ. "ನಾನೂ ಮೊದಲು ಮುಂದಕ್ಕೇ ಹಾಕುತ್ತಿದ್ದೆ" ಎಂದರು ತುಸು ನಾಚಿಕೆಯಿಂದ. ಅವರ ಮಾತೇ ನಡೆಯಿತು. ವಾಲ್ವುಗಳನ್ನೂ ಹೊಸದು ಹಾಕಿದರು. ಬಾಗಿಲ ಅಂಚಿಗೆ ಕಂಪನಿಯವರು ಅಂಟಿಸಿದ ಚೀಟಿ ನೋಡಿ, ಅದರಲ್ಲಿದ್ದಷ್ಟೇ ಗಾಳಿ. ನೈಟ್ರೋಜನ್ ಬೇಕಾ ಎಂದು ಹುಡುಗ ಕೇಳಿದ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ ಎಪ್ಪತ್ತೆಂಟು ಪಾಲು ಅದೇ ಇದೆಯಪ್ಪಾ ಎಂದೆ.

ಸ್ಟೆಪ್ನಿಗೆಂದು ಮೂರನೆಯ ಟಯರನ್ನು ಆಗಸ್ಟ್‌ನಲ್ಲಿ ಶೀಟು ಮಾರಿದ ಮೇಲೆ ತಂದೆ. ತೆಗೆದ ಟಯರುಗಳಲ್ಲಿ ಒಂದನ್ನು ಅಮ್ಮ ಬಸಳೆ ಚಪ್ಪರದ ಬುಡಕ್ಕೆ ಬೇಕೆಂದಳು. ನೀರು ನಿಂತು ಸೊಳ್ಳೆಯಾಗುತ್ತದೆಂದು ಆಶಾ ಕಾರ್ಯಕರ್ತೆ ಬೈದ ಮೇಲೆ ಅದೂ ಇಚ್ಚನ ಅಂಗಡಿಗೆ ಮರಳಿತು.

ಡಾಕ್ಟರ ಹತ್ತಿರ ಹೋದದ್ದು ಮರುವಾರ. ಅಲೈನ್‌ಮೆಂಟೂ ಆಗಿತ್ತು, ಕಾರು ನೂಲು ಹಿಡಿದಂತೆ ಓಡುತ್ತಿತ್ತು. ಸೀತಾಂಗೋಳಿ ದಾಟುತ್ತಿದ್ದಂತೆ ಎಡಬದಿಯಿಂದ ತಪ್ ತಪ್ ತಪ್. ಅಮ್ಮ ಬಾಯಿ ತೆರೆಯುವ ಮೊದಲೇ ಬ್ರೇಕ್ ಹಾಕಿದೆ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದು ಏನೋ ಬೈದುಕೊಂಡು ಮುಂದೆ ಹೋದ. ಮಳೆಯಲ್ಲಿ ಕೊಡೆಯೂ ಇಲ್ಲದೆ ಇಳಿದು, ಕುಕ್ಕರಗಾಲಲ್ಲಿ ಕೂತು ಎಡಗಡೆಯ ಎರಡೂ ಟಯರುಗಳ ಮೈ ತಡವಿದೆ. ಗಾಳಿ ಸರಿಯಿತ್ತು. ತಲೆ ಎತ್ತಿದರೆ ಅಮ್ಮನ ಬಟ್ಟೆಚೀಲದ ಹಿಡಿ ಬಾಗಿಲಿಗೆ ಸಿಕ್ಕಿ ಹೊರಗೆ ನೇತಾಡುತ್ತಿತ್ತು.